ಚಿಲ್ಲರೆ ಮಾವನ ಕೊನೆಯ ಸುತ್ತು

12 ಜನವರಿ

ಚಿನಕುರಳಿ,

ಇಲ್ಲಿ ಎಲ್ಲರೂ ಕ್ಷೇಮ, ನನ್ನ ಗಾಡಿ ಹತ್ತಿದವರನ್ನು ಬಿಟ್ಟು.

ನಿನಗೆ ದೊಡ್ಡ ಕಂಪನಿಯಲ್ಲಿ ಕೆಲಸ ಸಿಕ್ಕಿದ್ದನ್ನು ಅಕ್ಕ ಫೋನಿನಲ್ಲಿ ಅಳುತ್ತಲೇ ಹೇಳಿದಳು. ಶವವಾಹನ ಓಡಿಸುವವನಿಗೆ ಅಳು ಹೊಸದಲ್ಲ. ಯಾವುದು ದುಃಖದ ಅಳು, ಯಾವುದು ನೆಂಟರಿಗೆ ಕೇಳಲಿ ಎಂಬ ಅಳು, ಯಾವುದು ಒಡವೆ ಯಾರ ಪಾಲಾಯಿತೋ ಎಂಬ ಅಳು ಎಂದು ಮೊದಲ ಬಿಕ್ಕಿನಲ್ಲೇ ಹೇಳಬಲ್ಲೆ. ಅಕ್ಕನದು ಸಂತೋಷದ್ದೇ, ಹೆದರಬೇಡ.

ಫೋನು ಮಾಡುವುದು ಬಿಟ್ಟು ಕಾಗದ ಯಾಕೆ ಎಂದು ಕೇಳುತ್ತೀಯ. ಫೋನಿನಲ್ಲಿ ನಾನು ಪೀಠಿಕೆ ಮುಗಿಸುವ ಮೊದಲೇ "ಮಾವ, ಮೀಟಿಂಗ್ ಇದೆ" ಅಂತೀಯ. ಕಾಗದದಲ್ಲಿ ನಡುವೆ ಬಾಯಿ ಹಾಕಲು ನಿನ್ನಿಂದಾಗದು. ಹಳ್ಳಿ ಶಾಲೆಯ ಮೇಷ್ಟ್ರು ನನಗೆ ಕಲಿಸಿದ್ದರಲ್ಲಿ ಕಾಗದ ಬರೆಯುವುದೊಂದೇ ಉಳಿದಿದೆ. ಭಿನ್ನರಾಶಿ ಅವರ ಜೊತೆಯೇ ಹೋಯಿತು. ಇಬ್ಬರನ್ನೂ ಸಾಗಿಸಿದ್ದು ನಾನೇ.

ಈಗ ಮುಖ್ಯ ವಿಷಯ. ನಿನ್ನ ಅತ್ತೆಯ ಅಕ್ಕನ ಗಂಡ, ನನ್ನ ಷಡ್ಡಕ, ಆ ಮಾಜಿ ಮಂತ್ರಿ ಇದ್ದಾನಲ್ಲ, ಅವನು ನಿನ್ನೆ ಮನೆಗೆ ಬಂದಿದ್ದ. ನನ್ನ ಕುರ್ಚಿಯಲ್ಲಿ ಕೂತು ಕಾಲ ಮೇಲೆ ಕಾಲು ಹಾಕಿ, "ಹುಡುಗಿಗೆ ನಾನೇ ಹೇಳಿಸಿ ಕೆಲಸ ಕೊಡಿಸಿದೆ ಕಣಯ್ಯ. ಆ ಕಂಪನಿಗೆ ನಾನೀಗ ಸಲಹೆಗಾರ" ಅಂದ. ನಿನ್ನ ಅತ್ತೆ ಓಡಿ ಹೋಗಿ ಗಾಜಿನ ಲೋಟ ತೆಗೆದಳು. ನನಗೆ ಜ್ವರ ಬಂದಾಗಲೂ ಕಪಾಟಿನಿಂದ ಇಳಿಯದ ಲೋಟ ಅದು.

"ಅವಳು ನನ್ನನ್ನ ದೊಡ್ಡ ಮಾವ ಅಂತಲೇ ಕರೆಯೋದು" ಅಂತ ಬೇರೆ ಅಂದ.

ಹೌದೇನೇ? ಅವನು ದೊಡ್ಡ ಮಾವ ಆದರೆ ನಾನು ಯಾರು, ಚಿಲ್ಲರೆ ಮಾವನಾ? ನಿನ್ನಪ್ಪ ಹೋದ ಮೇಲೆ ಸೈಕಲ್ಲಿನ ಹಿಂದೆ ಓಡಿದವನು ಯಾರು? ಪರೀಕ್ಷೆಯ ದಿನ ಬಸ್ಸು ತಪ್ಪಿದಾಗ ನನ್ನ ಗಾಡಿಯ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಶಾಲೆಗೆ ಬಿಟ್ಟವನು ಯಾರು? ನಿಮ್ಮ ಹೆಡ್ಮಾಸ್ಟರು ಟೋಪಿ ತೆಗೆದು ತಲೆ ತಗ್ಗಿಸಿ ನಿಂತರು, ಒಳಗಿಂದ ನೀನು ಇಳಿದೆ. ಅವರಿಗೆ ಎದೆ ಹಿಡಿದುಕೊಂಡಿತು. ಮರೆತೆಯಾ?

ಅವನು ಮಂತ್ರಿಯಾಗಿದ್ದಾಗ ಜನ ದಾರಿ ಬಿಟ್ಟದ್ದು ಸೈರನ್ನಿಗೆ ಹೆದರಿ. ನನಗೆ ಹಾರ್ನೂ ಬೇಡ. ನನ್ನ ಗಾಡಿ ಕಂಡರೆ ಅಂಗಡಿಯವರು ಎದ್ದು ನಿಲ್ಲುತ್ತಾರೆ, ಜಗಳವಾಡುವವರು ಬಾಯಿ ಮುಚ್ಚುತ್ತಾರೆ, ಪೊಲೀಸಿನವನು ಸೆಲ್ಯೂಟು ಹೊಡೆಯುತ್ತಾನೆ. ಮೂವತ್ತು ವರ್ಷ ದಿನಾ ಸೆಲ್ಯೂಟು ತೆಗೆದುಕೊಂಡ ಮಂತ್ರಿ ಇದ್ದರೆ ತೋರಿಸು.

ಅದಿರಲಿ, ನಿಮ್ಮ ಕಂಪನಿ ಏನು ತಯಾರಿಸುತ್ತದೆ? ಷಡ್ಡಕನನ್ನು ಕೇಳಿದೆ. "ಅದು ನಿನಗೆ ಅರ್ಥವಾಗಲ್ಲ ಬಿಡು" ಅಂದ. ಅವನಿಗೇ ಗೊತ್ತಿದ್ದ ಹಾಗೆ ಕಾಣಲಿಲ್ಲ.

ನಿನ್ನ ಮಾವ
(ಯಾವ ಅಳತೆಯವನು ಅಂತ ನೀನೇ ಬರಿ)


3 ಫೆಬ್ರವರಿ

ಮಾವ,

ನಿನ್ನ ಕಾಗದವನ್ನು ಲಿಫ್ಟಿನಲ್ಲಿ ಓದಿ ಒಬ್ಬಳೇ ನಕ್ಕೆ. ಪಕ್ಕದಲ್ಲಿದ್ದವರು ಸ್ವಲ್ಪ ಸರಿದು ನಿಂತರು.

"ದೊಡ್ಡ" ಅಂದದ್ದು ವಯಸ್ಸಿಗೆ, ಅಳತೆಗಲ್ಲ. ಅತ್ತೆಯ ಅಕ್ಕನ ಗಂಡನನ್ನು ಇನ್ನೇನು ಅಂತ ಕರೆಯಲಿ?

ನಮ್ಮ ಕಂಪನಿ ಏನನ್ನೂ ತಯಾರಿಸುವುದಿಲ್ಲ. ಇದಕ್ಕೆ ಪ್ರೈವೇಟ್ ಈಕ್ವಿಟಿ ಅಂತಾರೆ. ಹತ್ತಾರು ದೇಶಗಳ ಶ್ರೀಮಂತರ ಹಣ, ಪಿಂಚಣಿ ನಿಧಿಗಳ ಹಣ ಎಲ್ಲ ಒಟ್ಟು ಮಾಡಿ ಸೊರಗಿದ ಸಂಸ್ಥೆಗಳನ್ನು ಕೊಳ್ಳುತ್ತೇವೆ, ಮೈ ಕೈ ತುಂಬಿಸುತ್ತೇವೆ, ಐದಾರು ವರ್ಷದಲ್ಲಿ ಇನ್ನೊಬ್ಬರಿಗೆ ಮಾರುತ್ತೇವೆ. ಹಲ್ಲಿನ ಆಸ್ಪತ್ರೆ, ಕಾರು ನಿಲ್ಲಿಸುವ ಜಾಗ, ಕುಡಿಯುವ ನೀರು... ಜನ ಬೇಡ ಎನ್ನಲಾಗದ್ದು ಯಾವುದಾದರೂ ಸರಿ.

ಇಲ್ಲಿ ನೆಲಕ್ಕೆಲ್ಲ ದಪ್ಪ ಕಾರ್ಪೆಟ್ಟು. ಯಾರು ಬಂದರು ಹೋದರು ಅಂತ ಸದ್ದೇ ಆಗುವುದಿಲ್ಲ. ಸಲಹೆಗಾರರ ಫೋಟೋಗಳು ಗೋಡೆಯುದ್ದಕ್ಕೂ ಇವೆ: ಒಬ್ಬ ಮಾಜಿ ಪ್ರಧಾನಿ, ಇಬ್ಬರು ಮಾಜಿ ರಾಯಭಾರಿಗಳು, ಒಬ್ಬ ಮಾಜಿ ಸೇನಾಧಿಕಾರಿ. ಈಗ ಕೊನೆಯಲ್ಲಿ ದೊಡ್ಡ ಮಾವ. ಅವರು ಹೋದ ವಾರ ಬಂದಾಗ ಬಾಸ್ ತಾನೇ ಬಾಗಿಲು ಹಿಡಿದು ನಿಂತರು. ಪುರಸಭೆಗಳ ಕೆಲಸಗಳನ್ನು ಖಾಸಗಿಯವರಿಗೆ ವಹಿಸಬಹುದು ಅನ್ನುವ ಕಾನೂನು ತಂದವರು ಅವರೇ ಅಲ್ಲವಾ, ಅದಕ್ಕೆ ಇಲ್ಲಿ ಅವರಿಗೆ ಅಷ್ಟು ಮರ್ಯಾದೆ. ಎಲ್ಲರ ಮುಂದೆ ನನ್ನ ತಲೆ ಮುಟ್ಟಿ "ಇವಳು ನನ್ನ ಮಗಳಿದ್ದ ಹಾಗೆ" ಅಂದರು. ನಿಜ ಹೇಳಲಾ? ನನಗೆ ಹೆಮ್ಮೆಯಾಯಿತು.

ಮಾವ, ಮೊನ್ನೆ ಯಾಕೋ ನಿನ್ನ "ಕೊನೆಯ ಸುತ್ತು" ನೆನಪಾಯಿತು. ಅದನ್ನು ಹೇಗೆ ಶುರು ಮಾಡಿದೆ, ಎಲ್ಲೆಲ್ಲಿ ನಿಲ್ಲಿಸುತ್ತೀಯ, ಜನ ಏನಂತಾರೆ, ಎಲ್ಲ ವಿವರವಾಗಿ ಬರೆಯುತ್ತೀಯಾ? ಸುಮ್ಮನೆ ಕೇಳಿದೆ.

ಚಿನಕುರಳಿ


15 ಫೆಬ್ರವರಿ

ಚಿನಕುರಳಿ,

ಸುಮ್ಮನೆ ಕೇಳಿದವರಿಗೆ ಹೇಳುವಾಗಲೇ ನನಗೆ ಹುಮ್ಮಸ್ಸು ಜಾಸ್ತಿ. ಕೂತು ಓದು.

ಅದಕ್ಕೂ ಮುಂಚೆ ಒಂದು ಮಾತು. ತಲೆ ಮುಟ್ಟಿದನಂತೆ, ಮಗಳಿದ್ದ ಹಾಗೆ ಅಂದನಂತೆ! ನಿನಗೆ ಸೀತಾಳೆ ಎದ್ದಾಗ ಬಾಗಿಲ ಹೊರಗಿನಿಂದಲೇ "ಹುಷಾರು, ಹುಷಾರು" ಅಂದು ಓಡಿದವನು ಅವನು. ಆ ತಲೆಯನ್ನು ಆಗ ಮುಟ್ಟಬೇಕಿತ್ತು. ಇನ್ನು ನಿಮ್ಮ ಗೋಡೆ. ಅದು ಮಾಜಿಗಳ ಗೋದಾಮು. ನನ್ನ ಗಾಡಿ ಹತ್ತುವವರೂ ಮಾಜಿಗಳೇ, ಆದರೆ ಅವರು ಸಲಹೆ ಕೊಡುವುದಿಲ್ಲ.

ಈಗ ಸುತ್ತಿನ ಕಥೆ. ನಾನು ಕೆಲಸಕ್ಕೆ ಸೇರಿದ ಹೊಸತು. ಬೇಕರಿಯಲ್ಲಿ ಒಲೆ ನೋಡಿಕೊಳ್ಳುತ್ತಿದ್ದ ಮುದುಕ ತೀರಿಕೊಂಡಿದ್ದ. ದೊಡ್ಡ ರಸ್ತೆ ಅಗೆದಿದ್ದರು, ಗಾಡಿಯನ್ನು ಬೇಕರಿ ಬೀದಿಗೆ ತಿರುಗಿಸಿದೆ. ಅಲ್ಲೊಂದು ಲಾರಿ ಅಡ್ಡ. ನಿಂತೆ. ಒಳಗಿನಿಂದ ಕೆಲಸದವರೆಲ್ಲ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಸಾಲಾಗಿ ನಿಂತರು. ಯಾರೂ ಕರೆದಿರಲಿಲ್ಲ. ಮುದುಕನ ಮಗ ನನ್ನ ಭುಜ ಹಿಡಿದು, "ಅಣ್ಣಾ, ಲಾರಿ ಹೋದರೂ ಸ್ವಲ್ಪ ನಿಲ್ಲಿಸಿರಿ, ಅಪ್ಪ ಇಲ್ಲಿಗೆ ಬರದ ದಿನವೇ ಇಲ್ಲ" ಅಂದ.

ಅವತ್ತಿನಿಂದ ಇದು ನನ್ನ ಪದ್ಧತಿ. ಮನೆಯಿಂದ ನೇರ ಸ್ಮಶಾನಕ್ಕೆ ಹೋಗುವುದಿಲ್ಲ. ಅವರು ದುಡಿದ ಜಾಗದ ಮುಂದೆ ಗಾಡಿ ನಿಲ್ಲಿಸಿ, ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು ಇದ್ದು ಹೊರಡುವುದು. ದರ್ಜಿಯನ್ನು ಒಯ್ದರೆ ಅಂಗಡಿಯ ಮಿಷನ್ನುಗಳೆಲ್ಲ ಒಮ್ಮೆಗೇ ನಿಲ್ಲುತ್ತವೆ. ಶಾಲೆಯ ಜವಾನ ಹೋದಾಗ ಗಂಟೆ ಒಂದೇ ಒಂದು ಸಲ ಹೊಡೆದರು. ಒಬ್ಬ ಜೇಬುಗಳ್ಳನನ್ನೂ ಬಿಡಲಿಲ್ಲ, ಬಸ್ ನಿಲ್ದಾಣಕ್ಕೆ ಒಯ್ದೆ. ಎಲ್ಲರೂ ಎದ್ದು ನಿಂತು ಗೌರವ ಕೊಟ್ಟು ಜೇಬು ಮುಟ್ಟಿ ನೋಡಿಕೊಂಡರು.

ಒಮ್ಮೆ ಒಬ್ಬ ಹುಡುಗಿ ಸಿಟ್ಟಿನಿಂದ, "ನಮ್ಮಮ್ಮ ಎಲ್ಲೂ ಕೆಲಸಕ್ಕೆ ಹೋದವಳಲ್ಲ. ಅವಳಿಗೆ ಎಲ್ಲಿ ನಿಲ್ಲಿಸ್ತೀರಿ?" ಅಂದಳು. ನಾನು ಗಾಡಿಯನ್ನು ಓಣಿಗೆ ಹಾಕಿ ಅವರದೇ ಮನೆಯ ಹಿಂಭಾಗಕ್ಕೆ ಒಯ್ದು ಅಡುಗೆಮನೆಯ ಕಿಟಕಿ ಕೆಳಗೆ ನಿಲ್ಲಿಸಿದೆ. ಆ ಹುಡುಗಿ ಅಲ್ಲಿಯವರೆಗೆ ಅತ್ತಿರಲಿಲ್ಲ.

ಇದನ್ನು ಇಡೀ ಭೂಮಂಡಲದಲ್ಲಿ ಕಂಡುಹಿಡಿದವನು ನಾನೊಬ್ಬನೇ. ಉಳಿದ ಚಾಲಕರೂ ನನ್ನನ್ನು ನೋಡಿ ಕಲಿತರು. ಯಾರಿಂದಲೂ ಬಿಡಿಗಾಸು ಮುಟ್ಟಿಲ್ಲ. ಊರಿನ ಅರ್ಧ ಜನ ತಮ್ಮನ್ನು ಎಲ್ಲಿ ನಿಲ್ಲಿಸಬೇಕು ಅಂತ ನನಗೆ ಈಗಲೇ ಹೇಳಿಟ್ಟಿದ್ದಾರೆ. ಪುರಸಭೆಯ ಅಧ್ಯಕ್ಷೆ ಕೂಡ.

ಷಡ್ಡಕನಿಗೆ ಎಲ್ಲಿ ಅಂತ ನಾನೇ ಯೋಚಿಸಿದ್ದೇನೆ. ಎಲ್ಲೂ ಇಲ್ಲ. ದುಡಿದ ಜಾಗ ಅಂತ ಒಂದು ಇರಬೇಕಲ್ಲ?

ಇದನ್ನೆಲ್ಲ ನಿನ್ನ ಬಾಸ್‌ಗೆ ಹೇಳು. ಬಾಗಿಲು ಹಿಡಿಯಬೇಕಾದದ್ದು ಎಂಥ ಮಾವನಿಗೆ ಅಂತ ಅವರಿಗೂ ಗೊತ್ತಾಗಲಿ.

ನಿನ್ನ ಚಿಲ್ಲರೆ ಮಾವ


20 ಮಾರ್ಚ್

ಮಾವ,

ನಿನ್ನ ಕಾಗದವನ್ನು ಬಾಸ್‌ಗೆ ಓದಿ ಹೇಳಿದೆ. ಜೇಬುಗಳ್ಳನಿಗೆ ನಕ್ಕರು. ಅಡುಗೆಮನೆಯ ಕಿಟಕಿಯ ಕಥೆಯನ್ನು ಇನ್ನೊಮ್ಮೆ ಓದಿಸಿದರು. "ನಿಮ್ಮ ಮಾವ ತುಂಬ ಬೆಲೆಬಾಳುವ ಮನುಷ್ಯ" ಅಂದರು.

ಈಗ ಉಸಿರಾಡಲೂ ಹೊತ್ತಿಲ್ಲ. ಅತ್ತೆಗೆ ನೆನಪು ಹೇಳು.

ಚಿನಕುರಳಿ


2 ಏಪ್ರಿಲ್

ಚಿನಕುರಳಿ,

ಬೆಲೆಬಾಳುವ ಮನುಷ್ಯ! ನಿನ್ನ ಅತ್ತೆಗೆ ನಾಲ್ಕು ಸಲ ಓದಿ ಹೇಳಿದೆ. ಐದನೆಯ ಸಲ ಅವಳು ನಲ್ಲಿ ಜೋರಾಗಿ ಬಿಟ್ಟಳು. ಚಾಲಕರ ಸಂಘದಲ್ಲಿ ಹೇಳಿದೆ, ಕ್ಷೌರದಂಗಡಿಯಲ್ಲಿ ಹೇಳಿದೆ. ಷಡ್ಡಕನಿಗೂ ಹೇಳಿದೆ. ಅವನ ಮುಖ ನೋಡಬೇಕಿತ್ತು, ಹುಳಿ ಮಜ್ಜಿಗೆ ಕುಡಿದವನ ಹಾಗೆ. "ಆ ಬಾಸು ಎಲ್ಲರಿಗೂ ಹಾಗೇ ಅಂತಾನೆ ಬಿಡಯ್ಯ" ಅಂದ. ಹೊಟ್ಟೆಕಿಚ್ಚು. ಹೊಟ್ಟೆಕಿಚ್ಚಿಗೆ ನೆಂಟಸ್ತಿಕೆ ಗೊತ್ತಾಗುವುದಿಲ್ಲ.

ಇನ್ನೊಂದು ಸುದ್ದಿ. ಪುರಸಭೆಯವರು ಶವವಾಹನ, ಸ್ಮಶಾನ ಎರಡನ್ನೂ "ನೆಮ್ಮದಿ" ಅನ್ನುವ ಒಂದು ಸಂಸ್ಥೆಗೆ ಮೂವತ್ತು ವರ್ಷಕ್ಕೆ ವಹಿಸಿಕೊಟ್ಟರು. ಸಮಾರಂಭ ಜೋರು. ವೇದಿಕೆಯ ನಡುಕುರ್ಚಿಯಲ್ಲಿ ಯಾರು ಅಂತೀಯ? ಅವನೇ. ರಿಬ್ಬನ್ ಕತ್ತರಿಸಿದ, ಹಾರ ಹಾಕಿಸಿಕೊಂಡ, "ಸಾವಿಗೂ ಘನತೆ ತರುತ್ತೇವೆ" ಅಂತ ಭಾಷಣ ಬಿಗಿದ. ಇಷ್ಟು ವರ್ಷ ಘನತೆಯನ್ನು ಎರಡನೆಯ ಗೇರಿನಲ್ಲಿ ಓಡಿಸಿದ ನಾನು ಕೊನೆಯ ಸಾಲಿನಲ್ಲಿ, ಕಂಬದ ಹಿಂದೆ ನಿಂತಿದ್ದೆ. ಹೊಸ ಕೋಟು ಕೊಟ್ಟಿದ್ದಾರೆ. ಕಂಕುಳಲ್ಲಿ ಬಿಗಿ.

ನಿಮ್ಮಂಥ ಒಳ್ಳೆಯ ಕಂಪನಿ ಬಂದಿದ್ದರೆ ಆಗುತ್ತಿತ್ತು. ಯಾರಿಗೆ ಬೆಲೆ ಕೊಡಬೇಕು ಅಂತ ನಿಮ್ಮವರಿಗೆ ಗೊತ್ತು.

ನಿನ್ನ ಬೆಲೆಬಾಳುವ ಮಾವ


10 ಜೂನ್

ಚಿನಕುರಳಿ,

ಎರಡು ತಿಂಗಳಾಯಿತು, ನಿನ್ನ ಉತ್ತರವಿಲ್ಲ. ಕೆಲಸ ಇರುತ್ತದೆ. ಆದರೆ ಇದನ್ನು ಬೇಗ ಓದು.

ಕಚೇರಿ ಮುಂದೆ ಹೊಸ ಫಲಕ ಹಾಕಿದ್ದಾರೆ. "ನೆನಪಿನ ಯಾನ. ನಿಮ್ಮವರು ದುಡಿದ ತಾಣಕ್ಕೆ ಕೊನೆಯ ಭೇಟಿ. ಸಾದಾ, ಬೆಳ್ಳಿ, ಬಂಗಾರ." ಪ್ರತಿಯೊಂದಕ್ಕೂ ದರ. ಸಾದಾ ಅಂದರೆ ನಿಲ್ಲಿಸದೆ ಮುಂದಿನಿಂದ ಹಾದು ಹೋಗುವುದು. ಬಂಗಾರ ಅಂದರೆ ಮೂರು ಕಡೆ ನಿಲ್ಲಿಸಿ ಫೋಟೋ ತೆಗೆಸುವುದು. ಗಾಡಿಯಲ್ಲಿ ಒಂದು ಪೆಟ್ಟಿಗೆ ಕೂರಿಸಿದ್ದಾರೆ. ದರ ಕಟ್ಟದವರನ್ನು ಹೊತ್ತು ದಾರಿ ಬಿಟ್ಟು ತಿರುಗಿದರೆ ಕೀಚ್ ಅನ್ನುತ್ತದೆ, ಕಚೇರಿಯಿಂದ ಫೋನು ಬರುತ್ತದೆ. ಎರಡು ಸಲ ಬಂದರೆ ಮನೆಗೆ.

ಹೋದ ವಾರ ರಸ್ತೆ ಗುಡಿಸುವವನೊಬ್ಬ ಸತ್ತ. ಮಾರುಕಟ್ಟೆಯ ಹಿಂದಿನ ಬೀದಿಗಳೆಲ್ಲ ಅವನವು. ಹೆಂಡತಿ ಮುಂದಿನ ಸೀಟಿನಲ್ಲಿ ಕೂತು, "ಅಣ್ಣಾ, ಸುತ್ತು ಇದೆಯಲ್ಲ?" ಅಂದಳು. ನಾನು ಪೆಟ್ಟಿಗೆ ನೋಡಿದೆ. ನಿವೃತ್ತಿಗೆ ಇನ್ನೊಂದೇ ವರ್ಷ. ನೇರ ಹೋದೆ. ಅವಳು ತಿರುವು ಬಂದಾಗ ಕಿಟಕಿಯಿಂದ ಆ ಕಡೆಗೇ ನೋಡುತ್ತಿದ್ದಳು. ಜನ ಎಂದಿನಂತೆ ಎದ್ದು ನಿಂತರು. ಮೊದಲ ಸಲ, ನಿಲ್ಲಬೇಡ್ರಪ್ಪ ಅನ್ನಿಸಿತು.

ಇದು ಯಾರ ಕೆಲಸ ಅಂತ ಒಂದು ಕ್ಷಣವೂ ಯೋಚಿಸಬೇಕಾಗಲಿಲ್ಲ. ಅವನ ಮನೆಯ ಊಟಗಳಲ್ಲಿ ಕೂತು ಸುತ್ತಿನ ಕಥೆ ಎಷ್ಟು ಸಲ ಕೊಚ್ಚಿದ್ದೇನೆ! ನೇರ ಅವನ ಮನೆಗೆ ಹೋದೆ.

"ನನ್ನದು ಅಂತ ಇದ್ದದ್ದು ಅದೊಂದೇ ಕಣೋ. ಅದನ್ನೂ ಕದ್ದೆಯಲ್ಲ!" ಅಂದೆ.

"ಯಾವುದನ್ನಯ್ಯ ಕದ್ದೆ?"

"ಸುತ್ತು!"

"ನಾನು ಕತ್ತರಿಸಿದ್ದು ರಿಬ್ಬನ್ನು. ಒಳಗಿನ ಲೆಕ್ಕಾಚಾರ ನನಗೆ ಯಾರು ಹೇಳ್ತಾರೆ?" ಅಂದ. ಆಮೇಲೆ ನಕ್ಕ. "ಅದು ನಿನ್ನ ಸೊಸೆಯ ಕಂಪನಿಯೇ ಅಲ್ವೇನಯ್ಯ? ನೆಮ್ಮದಿ ಅನ್ನೋದು ಬರೀ ಹೆಸರು. ಹೋಗಿ ಅವಳನ್ನೇ ಕೇಳು."

ನೋಡಿದೆಯಾ ಕುತಂತ್ರ! ನಿಮ್ಮ ಕಂಪನಿಗೆ ಗೊತ್ತಿಲ್ಲದ ಹಾಗೆ ಇದನ್ನು ಒಳಗೆ ತುರುಕಿ ಈಗ ನಿನ್ನ ಹೆಸರು ಹೇಳುತ್ತಾನೆ. ನೀನು ತಡ ಮಾಡಬೇಡ. ನಿನ್ನ ಬಾಸ್‌ಗೆ ನಾನು ಯಾರು ಅಂತ ಗೊತ್ತೇ ಇದೆಯಲ್ಲ. ಅವರಿಗೆ ಒಂದು ಮಾತು ಹೇಳಿ ಈ ಫಲಕ ತೆಗೆಸು.

ನಿನ್ನ ಮಾವ


28 ಜೂನ್

ಪ್ರಿಯ ಮಾವನವರಿಗೆ,

ನಿಮ್ಮ ಕಾಗದ ತಲುಪಿತು. ಉತ್ತರ ತಡವಾದದ್ದಕ್ಕೆ ಕ್ಷಮಿಸಿ.

ನೆಮ್ಮದಿ ನಮ್ಮ ಸಂಸ್ಥೆಯದೇ ಎಂಬುದು ನಿಜ. ಆದರೆ ಇಂಥ ತೀರ್ಮಾನಗಳು ಒಬ್ಬರಿಂದ ಆಗುವುದಿಲ್ಲ, ಹಲವು ಹಂತಗಳಿರುತ್ತವೆ. ನನ್ನ ಮಟ್ಟದವಳು ಮಾತಾಡಿ ಬದಲಾಗುವುದು ಕಷ್ಟ. ದಯವಿಟ್ಟು ನಿಯಮ ಮೀರಬೇಡಿ, ಒಂದು ವರ್ಷ ತಾಳಿಕೊಳ್ಳಿ. ದೊಡ್ಡ ಮಾವನವರ ಮೇಲೆ ಸಿಟ್ಟು ಮಾಡಿಕೊಳ್ಳುವುದೂ ಬೇಡ. ಅವರಿಗೆ ಇದರ ವಿವರ ಗೊತ್ತಿರಲಾರದು.

ಕೋಟು ಬಿಗಿ ಎಂದು ಬರೆದಿದ್ದಿರಿ. ಬೇರೆ ಅಳತೆಯದನ್ನು ಕಳಿಸಲು ಹೇಳಿದ್ದೇನೆ.

ಇಂತಿ


14 ಆಗಸ್ಟ್

ಚಿನಕುರಳಿ,

ಕೋಟು ಬಂತು. ಈಗ ಕಂಕುಳಲ್ಲಿ ಸಡಿಲ.

ಹೋದ ಕಾಗದದಲ್ಲಿ ನನಗೆ ಬಹುವಚನ ಯಾಕೆ ಹಾಕಿದೆ? ಪುರಸಭೆಯ ನೋಟಿಸು ಓದಿದ ಹಾಗಾಯಿತು. ಪಕ್ಕದಲ್ಲಿ ಯಾರೋ ನಿಂತು ಬರೆಸಿರಬೇಕು. ಅವನದೇ ಕೈವಾಡ. ನೀನು ಹೆದರಬೇಡ, ಈಗ ಅವನ ಹಲ್ಲು ಉದುರಿವೆ.

ಸುದ್ದಿ ಗೊತ್ತಿರಬೇಕಲ್ಲ? ಚುನಾವಣೆಯಲ್ಲಿ ಅವನ ಪಕ್ಷ ಮಣ್ಣು ಮುಕ್ಕಿತು. ಫಲಿತಾಂಶ ಬಂದ ವಾರದಲ್ಲೇ ನಿಮ್ಮ ಕಂಪನಿ ಅವನ ಕಾರು ಹಿಂದಕ್ಕೆ ಕರೆಸಿಕೊಂಡಿತು. ಗೆದ್ದ ಪಕ್ಷದವನೊಬ್ಬನನ್ನು ಸಲಹೆಗಾರನನ್ನಾಗಿ ಮಾಡಿಕೊಂಡಿತಂತೆ. ಗೋಡೆಯ ಮೇಲೆ ಷಡ್ಡಕನ ಫೋಟೋ ಇನ್ನೂ ಇದೆಯಾ? ಇದ್ದರೆ ಮೊಳೆಯನ್ನೂ ಕೀಳಿಸು. ನಾನು ಆ ರಾತ್ರಿ ನಿನ್ನ ಅತ್ತೆಗೆ ಕಾಣದ ಹಾಗೆ ಗಾಜಿನ ಲೋಟ ಇಳಿಸಿ ಅದರಲ್ಲಿ ಮಜ್ಜಿಗೆ ಕುಡಿದೆ. ಏನು ರುಚಿ ಅಂತೀಯ!

ಇಷ್ಟಕ್ಕೇ ಬಿಡುವವನಲ್ಲ. ಬರುವ ಶನಿವಾರವಲ್ಲ, ಅದರಾಚೆಯ ಶನಿವಾರ ಚಾಲಕರ ಸಂಘದ ಸಭೆ. ಊರಿನವರೂ ಬರುತ್ತಾರೆ, ಗುಡಿಸುವವನ ಹೆಂಡತಿಯೂ. ಸತ್ತವರ ಸುತ್ತನ್ನು ಮಾರಿದವನು ಇವನೇ ಅಂತ ಎಲ್ಲರ ಮುಂದೆ ಹೆಸರು ಹಿಡಿದು ಹೇಳುತ್ತೇನೆ. ಆಮೇಲೆ ಈ ಊರಿನಲ್ಲಿ ಅವನಿಗೆ ಯಾರು ಎದ್ದು ನಿಲ್ಲುತ್ತಾರೋ ನೋಡೋಣ. ಎರಡು ಗಂಟೆಯ ಭಾಷಣ ಬಾಯಿಪಾಠ ಮಾಡುತ್ತಿದ್ದೇನೆ.

ನಿನ್ನ ಮಾವ


18 ಆಗಸ್ಟ್

ಮಾವ,

ಭಾಷಣ ಮಾಡಬೇಡ. ನಾಲ್ಕು ಸಲ ಫೋನು ಎತ್ತಿ ಇಟ್ಟೆ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕಲಾರೆ.

ಸುತ್ತನ್ನು ಕದ್ದವಳು ನಾನು. ದೊಡ್ಡ ಮಾವನಿಗೆ ಅದರ ಗಾಳಿ ಗಂಧವೂ ಗೊತ್ತಿಲ್ಲ. ಫೆಬ್ರವರಿಯಲ್ಲಿ "ಸುಮ್ಮನೆ ಕೇಳಿದೆ" ಅಂದೆನಲ್ಲ, ಸುಮ್ಮನೆ ಅಲ್ಲ. ನಿಮ್ಮ ಪುರಸಭೆಯ ಕಡತ ಆಗಲೇ ನನ್ನ ಮೇಜಿನ ಮೇಲಿತ್ತು. ಅದರಲ್ಲಿ ಲಾಭ ಎಲ್ಲಿಂದ ಬರುತ್ತದೆ ಅಂತ ಯಾರಿಗೂ ಹೊಳೆದಿರಲಿಲ್ಲ. ಜನ ಇದಕ್ಕೆ ಖಂಡಿತ ಹಣ ಕೊಡುತ್ತಾರೆ ಅಂತ ತೋರಿಸಿದವಳು ನಾನು. "ನೆನಪಿನ ಯಾನ" ಅಂತ ಹೆಸರಿಟ್ಟವಳೂ ನಾನೇ.

ಯಾಕೆ ಅಂತ ಕೇಳುತ್ತೀಯ. ಇಲ್ಲಿ ನನ್ನ ಎದುರಿನ ಮೇಜಿನಲ್ಲಿ ಒಬ್ಬಳು ಕೂರುತ್ತಾಳೆ. ಯಾರ ಮಾತಿನಿಂದಲೂ ಬಂದವಳಲ್ಲ, ಪರೀಕ್ಷೆ ಬರೆದು ಬಂದವಳು. ಅವಳು ಬಾಯಿ ತೆರೆದರೆ ಎಲ್ಲರೂ ಪೆನ್ನು ತೆಗೆಯುತ್ತಾರೆ. ನಾನು ಬಾಯಿ ತೆರೆದರೆ ಚಹಾ ತರಿಸುತ್ತಾರೆ. ನನಗೆ ಇಲ್ಲಿ "ಮಂತ್ರಿಯ ಹುಡುಗಿ" ಅಂತ ಹೆಸರು. ದೊಡ್ಡ ಮಾವ ತಲೆ ಮುಟ್ಟಿದಾಗ ಹೆಮ್ಮೆಯಾಯಿತು ಅಂತ ಬರೆದಿದ್ದೆ. ಆಯಿತು, ಆದರೆ ಅವಳು ಎದುರಿನಿಂದ ನಕ್ಕದ್ದನ್ನು ಬರೆಯಲಿಲ್ಲ. ಅವಳ ಬಳಿ ಇಲ್ಲದ್ದು, ನನ್ನದೇ ಆದದ್ದು ಒಂದಾದರೂ ಬೇಕಿತ್ತು. ಹುಡುಕಿದರೆ ನನ್ನ ಬಳಿ ಇದ್ದದ್ದು ನೀನೊಬ್ಬನೇ.

ಅದನ್ನು ಮುಂದಿಟ್ಟಾಗ ಕಚೇರಿಯ ಸಭೆಯಲ್ಲಿ ಚಪ್ಪಾಳೆ ಬಿತ್ತು. ಹೊರಗೆ ಬರುವಾಗ ಬಾಸ್, "ಮಂತ್ರಿಯ ಹುಡುಗಿ ಕೊನೆಗೂ ಉಪಯೋಗಕ್ಕೆ ಬಂದಳು" ಅಂದರು.

ಫಲಕ ತೆಗೆಸುವ ಶಕ್ತಿ ನನಗಿಲ್ಲ. ಪ್ರಯತ್ನಿಸಿದೆ. ನೆನಪಿನ ಯಾನದ ಆ ಸಾಲು ಈಗ ಬೇರೆ ಊರುಗಳ ದರಪಟ್ಟಿಗೂ ಹೋಗಿದೆ. ನಿಮ್ಮ ಸಂಘದ ಸಭೆಯಲ್ಲಿ ಹೆಸರು ಹೇಳಲೇಬೇಕಿದ್ದರೆ ನನ್ನದನ್ನು ಹೇಳು.

ಚಿನಕುರಳಿ


30 ಆಗಸ್ಟ್

ಚಿನಕುರಳಿ,

ನಿನ್ನ ಕಾಗದ ಸಭೆಯ ದಿನ ಬೆಳಿಗ್ಗೆ ಕೈ ಸೇರಿತು. ಓದಿ ಊಟ ಮಾಡಿದೆ. ಸಿಟ್ಟು ಬಂದರೆ ಊಟ ಬಿಡುವ ಜಾತಿಯಲ್ಲ ನಾನು. ಆದರೆ ಏನು ತಿಂದೆ ಅಂತ ಕೇಳಿದರೆ ಹೇಳಲಾರೆ. ನಿನ್ನ ಅತ್ತೆ "ಉಪ್ಪು ಸರಿಯಿದೆಯಾ?" ಅಂದಳು. ತಲೆಯಲ್ಲಿ ನಿನ್ನ ಕಾಗದವೇ ಓಡುತ್ತಿತ್ತು, "ನನ್ನ ಸೊಸೆಗೆ ಗೊತ್ತು" ಅಂದೆ. ಅವಳು ನನ್ನನ್ನೇ ನೋಡಿದಳು.

ಒಂದು ಮಾತ್ರ ಖಾತ್ರಿಯಾಯಿತು. ನಿನಗೆ ಎದುರಿನ ಮೇಜು, ನನಗೆ ಗಾಜಿನ ಲೋಟ, ಎರಡೂ ಒಂದೇ ಒಲೆಯ ಬೆಂಕಿ. ನೀನು ನನ್ನ ಅಕ್ಕನ ಮಗಳೇ, ಅನುಮಾನವಿಲ್ಲ.

ಸಭೆಗೆ ಮುಂಚೆ ಒಂದು ಓಟವಿತ್ತು. ಸ್ಮಶಾನಕ್ಕೆ ಬಿಟ್ಟು ಖಾಲಿ ಗಾಡಿಯಲ್ಲಿ ಬರುತ್ತಿದ್ದೆ. ಬಸ್ ನಿಲ್ದಾಣದಲ್ಲಿ ಷಡ್ಡಕ! ಕೈಯಲ್ಲಿ ತರಕಾರಿ ಚೀಲ. ಬಸ್ಸಿನ ಹಲಗೆ ಓದಲು ಕನ್ನಡಕವನ್ನು ಮೇಲೆ ಕೆಳಗೆ ಮಾಡುತ್ತಿದ್ದಾನೆ. ಯಾವ ಬಸ್ಸು ಎಲ್ಲಿಗೆ ಹೋಗುತ್ತದೆ ಅಂತ ಪಾಪ ಅವನಿಗೆ ಗೊತ್ತಿಲ್ಲ, ಇಪ್ಪತ್ತು ವರ್ಷವಾಯಿತಲ್ಲ ಹತ್ತಿ. ಪಕ್ಕದಲ್ಲಿ ನಿಂತವರು ಗುರುತು ಹಿಡಿದರೂ ಹಿಡಿಯದವರ ಹಾಗಿದ್ದರು. ಒಂದು ತಿಂಗಳ ಹಿಂದೆ ಈ ನೋಟಕ್ಕೆ ಟಿಕೀಟು ತೆಗೆದು ಹೋಗುತ್ತಿದ್ದೆ.

"ಹತ್ತೋ" ಅಂದೆ.

"ಇದಕ್ಕಾ? ಇನ್ನೂ ಸ್ವಲ್ಪ ದಿನ ಇದೆ ಕಣಯ್ಯ."

"ಮುಂದಿನ ಸೀಟಿಗೆ ಹತ್ತೋ ಅಂದರೆ!"

ಹತ್ತಿದ. ದಾರಿಯಲ್ಲಿ ತಮಾಷೆಗೆ, "ಅಲ್ಲಯ್ಯ, ನಿನ್ನನ್ನ ಕಡೆಗೆ ಎಲ್ಲಿ ನಿಲ್ಲಿಸಲಿ?" ಅಂದೆ. ವಿಧಾನಸಭೆ ಅಂತಾನೆ, ಪಕ್ಷದ ಕಚೇರಿ ಅಂತಾನೆ ಅಂತ ಕಾದೆ. ಅವನು ಚೀಲ ತಡವುತ್ತಾ, "ಆ ಸೈಕಲ್ ಅಂಗಡಿ ಇನ್ನೂ ಇದೆಯಾ?" ಅಂದ. ಮದುವೆಗೆ ಮುಂಚೆ ಅವನು ಅಲ್ಲಿ ಪಂಕ್ಚರ್ ಹಾಕುತ್ತಿದ್ದ. ನನಗೆ ಮರೆತೇ ಹೋಗಿತ್ತು. ಗಾಡಿ ತಿರುಗಿಸಿದೆ.

ಅಂಗಡಿಯ ಬೀದಿಗೆ ಬರುತ್ತಲೂ ಜನ ಎದ್ದು ನಿಂತರು. ಟೋಪಿಗಳು ಇಳಿದವು. ಚೌಕದ ಪೊಲೀಸು ಸೆಲ್ಯೂಟು ಹೊಡೆದ. ಅಷ್ಟೇ ಸಾಕಾಯಿತು! ಷಡ್ಡಕ ಸೊಂಟ ನೆಟ್ಟಗೆ ಮಾಡಿ, ಕಿಟಕಿಯಿಂದ ಕೈ ಹೊರಗೆ ಹಾಕಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಬೀಸತೊಡಗಿದ. ಕಣ್ಣಲ್ಲಿ ನೀರು. "ನೋಡಿದೆಯಾ? ಜನ ನನ್ನನ್ನ ಮರೆತಿಲ್ಲ ಕಣಯ್ಯ!" ಅಂದ.

ನಾಲಿಗೆ ತುದಿಗೆ ಬಂದಿತ್ತು. ಹಿಂದೆ ಬರೀ ಹೆಣದ ಖಾಲಿ ಮಂಚ ಕಣೋ, ಈ ಮರ್ಯಾದೆ ಅದಕ್ಕೆ, ನಿನಗಲ್ಲ ಅಂತ. ಅಂದುಬಿಡುತ್ತಿದ್ದೆ. ಅಷ್ಟರಲ್ಲಿ ಹೊಳೆಯಿತು, ಹಾಗಾದರೆ ಮೂವತ್ತು ವರ್ಷ ನಾನು ತೆಗೆದುಕೊಂಡ ಸೆಲ್ಯೂಟು? ಬಾಯಿ ಮುಚ್ಚಿಕೊಂಡು ಎರಡನೆಯ ಗೇರು ಹಾಕಿದೆ. ಆದರೂ ಹೊಟ್ಟೆ ಉರಿಯುತ್ತದೆ ಕಣೇ. ನನ್ನ ಗಾಡಿ, ನನ್ನ ಬೀದಿ, ಒಂದೇ ಸಲ ಕೂತು ಅಷ್ಟೂ ಮರ್ಯಾದೆಯನ್ನು ಬಾಚಿಕೊಂಡು ಹೋದ!

ಸಭೆಯಲ್ಲಿ ಎರಡು ಗಂಟೆಯ ಭಾಷಣ ಎರಡು ಮಾತಾಯಿತು. "ಸುತ್ತನ್ನು ಮಾರಿದವನು ಷಡ್ಡಕನಲ್ಲ. ಅದು ಜಾರಿದ್ದು ನನ್ನ ಬಾಯಿಂದ" ಅಂದು ಕೂತೆ. ಯಾರಿಗೆ ಜಾರಿತು ಅಂತ ಕೇಳಿದರು. "ಬೆಲೆ ಗೊತ್ತಿದ್ದವರಿಗೆ" ಅಂದೆ.

ಈಗ ಇನ್ನೊಂದು ವಿಷಯ. ಇದನ್ನು ನಿನಗೆ ಬರೆಯಬಾರದು. ಬರೆಯದೆ ಇರಲು ನನ್ನಿಂದಾಗದು.

ಷಡ್ಡಕನನ್ನು ಅಷ್ಟೆಲ್ಲ ಸುತ್ತಿಸಿದೆನಲ್ಲ, ಪೆಟ್ಟಿಗೆ ತುಟಿಪಿಟಕ್ಕೆನ್ನಲಿಲ್ಲ. ಹಿಂತಿರುಗುವ ಓಟ ಅದರ ಲೆಕ್ಕದಲ್ಲಿ ಖಾಲಿ. ಖಾಲಿ ಗಾಡಿ ಯಾವ ಬೀದಿಯಲ್ಲಿ ಬಂದರೂ ಅದಕ್ಕೆ ಬೇಕಿಲ್ಲ. ಅದಕ್ಕೆ ದರವಿಲ್ಲ, ಹೆಸರಿಲ್ಲ. ಮರುದಿನ ಹಿಂತಿರುಗುವಾಗ ಗುಡಿಸುವವನ ಹೆಂಡತಿಯನ್ನು ಮನೆಯಿಂದ ಹತ್ತಿಸಿಕೊಂಡೆ. ಅವನ ಬೀದಿಗಳಲ್ಲೆಲ್ಲ ನಿಧಾನಕ್ಕೆ ಹೋದೆವು. ಜನ ಎದ್ದು ನಿಂತರು. ಒಂದು ಮೂಲೆಯಲ್ಲಿ "ಅಣ್ಣಾ, ನಿಲ್ಲಿಸಿ" ಅಂದಳು. ಇಳಿದು, ಬಿದ್ದಿದ್ದ ಒಂದು ಕಾಗದದ ಚೂರು ಎತ್ತಿ ಬುಟ್ಟಿಗೆ ಹಾಕಿ, ಬಂದು ಕೂತಳು. "ಈಗ ಆಯ್ತು" ಅಂದಳು.

ಈಗ ಎಲ್ಲ ಚಾಲಕರೂ ಹೀಗೇ ಮಾಡುತ್ತಿದ್ದಾರೆ. ಹೋಗುವಾಗ ಕಂಪನಿಯ ದಾರಿ, ಬರುವಾಗ ನಮ್ಮ ಸುತ್ತು. ಮನೆಯವರನ್ನು ಮುಂದೆ ಕೂರಿಸಿಕೊಂಡು. ಇಡೀ ಭೂಮಂಡಲದಲ್ಲಿ ಇದನ್ನು ಕಂಡುಹಿಡಿದವನೂ ನಾನೊಬ್ಬನೇ.

ನಿನ್ನ ಬಾಸ್‌ಗೆ ಓದಿ ಹೇಳಿದರೆ ಇನ್ನೊಂದು ಚಪ್ಪಾಳೆ ಗ್ಯಾರಂಟಿ. ಎದುರಿನ ಮೇಜಿನವಳು ಮೇಲೇಳಲಾರಳು. ಓದುತ್ತೀಯೋ ಬಿಡುತ್ತೀಯೋ ನಿನಗೆ ಬಿಟ್ಟದ್ದು.

ನಿನ್ನ ಚಿಲ್ಲರೆ ಮಾವ


12 ಸೆಪ್ಟೆಂಬರ್

ಶವವಾಹನದ ದೊಡ್ಡ ಮಾವನಿಗೆ,

ಹೋದ ತಿಂಗಳ ಕೊನೆಯಲ್ಲಿ ನೀನು ಬರೆದ ಕಾಗದ ನನಗೆ ತಲುಪಲೇ ಇಲ್ಲ. ಅಂಚೆಯಲ್ಲಿ ಎಲ್ಲೋ ಕಳೆದುಹೋಗಿರಬೇಕು. ಹಾಗಾಗಿ ಅದರಲ್ಲಿ ಏನಿತ್ತು ಅಂತ ನನಗೂ ಗೊತ್ತಿಲ್ಲ, ಇಲ್ಲಿ ಯಾರಿಗೂ ಗೊತ್ತಿಲ್ಲ.

ಮುಂದಿನ ತಿಂಗಳು ರಜೆಗೆ ಬರುತ್ತೇನೆ. ನಿಲ್ದಾಣಕ್ಕೆ ಬಾ. ಖಾಲಿ ಗಾಡಿಯಿದ್ದರೆ ಮುಂದಿನ ಸೀಟಿನಲ್ಲಿ ಕೂರುತ್ತೇನೆ.

ಕೈ ಬೀಸುವುದಿಲ್ಲ, ಆಣೆ.

ಚಿನಕುರಳಿ